ಜೊತೆಯಿಲ್ಲದ ಎಂಟು: ಸಾಸಿವೆ–ತೋರಿಯಾ ಸಂಕರದ ಮೂರು ಹಂಗಾಮು

ಪಾಠ ಹೇಳಲು ಶುರು ಮಾಡಿದಾಗಿನಿಂದ ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಒಂದು ತ್ರಿಕೋನ ಬರೆಯುತ್ತ ಬಂದಿದ್ದೇನೆ. ಅದರ ಒಂದು ಮೂಲೆಯಲ್ಲಿ ಎಣ್ಣೆಕಾಳುಗಳಾದ ತೋರಿಯಾ, ಸರಸೋ, ಟರ್ನಿಪ್‌ಗಳು ಸೇರುವ ಬ್ರಾಸಿಕಾ ರಾಪಾ. ಇನ್ನೊಂದರಲ್ಲಿ ಬ್ರಾಸಿಕಾ ನೈಗ್ರಾ ಎಂಬ ಕರಿಸಾಸಿವೆ. ಮತ್ತೊಂದರಲ್ಲಿ ಎಲೆಕೋಸು, ಹೂಕೋಸುಗಳ ಬ್ರಾಸಿಕಾ ಒಲೆರೇಸಿಯಾ. ಅವುಗಳ ವರ್ಣತಂತುಗಳು ಕ್ರಮವಾಗಿ 10, 8 ಮತ್ತು 9 ಜೊತೆ. ಒಂದು ಜಾತಿಯ ವರ್ಣತಂತುಗಳ ಇಡೀ ಕಟ್ಟೇ ಅದರ ಜೀನೋಮ್. ಜೀನೋಮ್‌ಗಳ ಹೆಸರು ಎ, ಬಿ, ಸಿ. ಎ ಮತ್ತು ಬಿ ಒಂದೇ ಗಿಡದಲ್ಲಿ ನೆಲೆಸಿದರೆ ನಮ್ಮ ಒಗ್ಗರಣೆಯ ಸಾಸಿವೆ, ಅಂದರೆ ಬ್ರಾಸಿಕಾ ಜನ್ಸಿಯಾ, 18 ಜೊತೆ. ಎ ಮತ್ತು ಸಿ ಸೇರಿದರೆ ಬ್ರಾಸಿಕಾ ನೇಪಸ್, 19 ಜೊತೆ. ಬಿ ಮತ್ತು ಸಿ ಸೇರಿದರೆ ಇಥಿಯೋಪಿಯದ ಬ್ರಾಸಿಕಾ ಕ್ಯಾರಿನೇಟಾ, 17 ಜೊತೆ. ಜಪಾನಿನಲ್ಲಿ ಮೊರಿನಾಗ ಎಂಬ ವಿಜ್ಞಾನಿ 1920ರ ದಶಕದ ಕೊನೆಯಿಂದ ಈ ಜಾತಿಗಳನ್ನು ಪರಸ್ಪರ ಕೂಡಿಸಿ ಜೋಡಿಗಳನ್ನು ಎಣಿಸುತ್ತ ಹೋದರು. 1935ರಲ್ಲಿ ಯು ನಾಗಹರು ಆ ಎಣಿಕೆಗಳಿಗೆ ತಮ್ಮ ಪ್ರಯೋಗಗಳನ್ನೂ ಸೇರಿಸಿ ತ್ರಿಕೋನವನ್ನು ಪೂರ್ತಿ ಮಾಡಿದರು. ಕೊರಿಯಾದ ತಂದೆ, ಜಪಾನಿನ ತಾಯಿಯ ಮಗನಾದ ಯು 1950ರಲ್ಲಿ ಕೊರಿಯಾಕ್ಕೆ ಹೋಗಿ, 1959ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿನ ತರಕಾರಿ ಬೀಜಗಳಿಗಾಗಿ ದುಡಿದರು.

ಪಾಠ ಮುಗಿಸಿದ ಮೇಲೆ ಒಂದು ದಿನ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಮೇಡಂ, ಸಾಸಿವೆಯನ್ನು ಮತ್ತೆ ತೋರಿಯಾದೊಂದಿಗೆ ಕೂಡಿಸಿದರೆ, ತೋರಿಯಾದಲ್ಲಿ ಬಿ ಇಲ್ಲದ್ದರಿಂದ, ಬಿ ವರ್ಣತಂತುಗಳು ಎಂಟೂ ಜೊತೆಯಿಲ್ಲದೆ ಒಂಟಿಯಾಗುತ್ತವೆ ಎಂದಿರಲ್ಲ. ಆ ಒಂಟಿಗಳನ್ನು ನೀವು ನೋಡಿದ್ದೀರಾ?"

ನೋಡಿರಲಿಲ್ಲ. ಅವಳಿಗೆ ಹಾಗೆಂದೇ ಹೇಳಿದೆ. ಧಾರವಾಡದ ಮನೆಯ ಮಾಳಿಗೆಯ ಮೇಲೆ ಹದಿನಾರು ಕುಂಡಗಳು ಬಂದದ್ದು ಅದರ ಮುಂದಿನ ತಿಂಗಳು.

ಮೊದಲ ಹಂಗಾಮು: ತಾಯಿ, ತಂದೆ

ಸಾಸಿವೆ ಬೀಜವನ್ನು ಕಿರಾಣಿ ಅಂಗಡಿಯಿಂದಲೇ ತಂದೆ. ಕಪ್ಪಗೆ ಕಂಡರೂ ನಮ್ಮ ಪೇಟೆಯಲ್ಲಿ ಸಿಗುವ ಸಾಸಿವೆ ಹೆಚ್ಚಾಗಿ ಜನ್ಸಿಯಾ. ನಿಜವಾದ ಕರಿಸಾಸಿವೆ ಬೇರೆಯೇ ಜಾತಿ. ಹೆಸರನ್ನು ನಂಬಿ ಒಂದು ಇಡೀ ಹಂಗಾಮನ್ನು ಪಣಕ್ಕಿಡುವುದು ಬೇಡವೆನಿಸಿತು. ಹತ್ತು ಬೀಜಗಳನ್ನು ಒದ್ದೆ ಕಾಗದದ ಮೇಲೆ ಮೊಳೆಯಿಸಿ, ಬೇರಿನ ತುದಿಗಳನ್ನು 8-ಹೈಡ್ರಾಕ್ಸಿಕ್ವಿನೋಲಿನ್ ದ್ರಾವಣದಲ್ಲಿ ಮೂರು ಗಂಟೆ ಇಟ್ಟು, ಬಣ್ಣ ಹಾಕಿ ಎಣಿಸಿದೆ. 36 ಇತ್ತು. ತೋರಿಯಾ ನಮ್ಮ ಕಡೆ ಸಿಗುವುದಿಲ್ಲ. ಅಸ್ಸಾಮಿನಲ್ಲಿ ಕೆಲಸ ಮಾಡುವ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿನ ರೈತರ ಹೊಲದ ಬೀಜವನ್ನು ಒಂದು ಹಿಡಿ ಕಳುಹಿಸಿಕೊಟ್ಟ. ಅದರಲ್ಲಿ 20.

ಎರಡನ್ನೂ ಒಂದೇ ದಿನ ಬಿತ್ತಬಾರದು. ತೋರಿಯಾ ಅವಸರದ ಬೆಳೆ, ತಿಂಗಳು ದಾಟುವುದರೊಳಗೆ ಹೂ ಬಿಡುತ್ತದೆ. ಅಕ್ಟೋಬರ್ ಮೊದಲ ವಾರ ಸಾಸಿವೆ, ಮೂರನೇ ವಾರ ತೋರಿಯಾ ಎಂದು ಅಂತರವಿಟ್ಟು ಬಿತ್ತಿದ್ದರಿಂದ ನವೆಂಬರ್ ಕೊನೆಗೆ ಎರಡೂ ಒಟ್ಟಿಗೆ ಹೂವಾದವು.

ಸಾಸಿವೆಯನ್ನೇ ತಾಯಿ ಮಾಡಿಕೊಂಡೆ. ಹೆಚ್ಚು ವರ್ಣತಂತುಗಳಿರುವ ಜಾತಿ ತಾಯಿಯಾದರೆ ಈ ಬಗೆಯ ಸಂಕರಗಳಲ್ಲಿ ಬೀಜ ಚೆನ್ನಾಗಿ ಕಟ್ಟುತ್ತದೆ. ಪರೀಕ್ಷೆಗೆಂದು ತೋರಿಯಾವನ್ನು ತಾಯಿಯಾಗಿಟ್ಟುಕೊಂಡು ಮೂವತ್ತು ಮೊಗ್ಗುಗಳಿಗೆ ಸಾಸಿವೆಯ ಪರಾಗವನ್ನೂ ಕೊಟ್ಟು ನೋಡಿದೆ. ಕಾಯಿಗಳು ಉದ್ದವಾದವು, ಒಳಗಿನ ಕಾಳುಗಳು ಮಾತ್ರ ಸುರುಟಿ ಹೋದವು. ಬೀಜದೊಳಗಿನ ಭ್ರೂಣಾಹಾರಕ್ಕೆ ತಾಯಿಯಿಂದ ಎರಡು ಪಾಲು, ತಂದೆಯಿಂದ ಒಂದು ಪಾಲು ಬರುವುದು ನಿಯಮ. ತಂದೆಯ ಒಂದು ಪಾಲೇ ಭಾರವಾದರೆ ಆ ಆಹಾರದ ಬೆಳವಣಿಗೆ ಹಳಿ ತಪ್ಪುತ್ತದೆ, ಭ್ರೂಣ ಹಸಿವಿನಿಂದ ಸಾಯುತ್ತದೆ.

ಇನ್ನೊಂದು ಕಾರಣವೂ ನನ್ನ ಮನಸ್ಸಿನಲ್ಲಿತ್ತು. ಸಾಸಿವೆ ಎಂಬ ಜಾತಿ ಹುಟ್ಟಿದಾಗ ಅದರ ತಾಯಿಯಾಗಿದ್ದದ್ದು ರಾಪಾ, ತಂದೆ ನೈಗ್ರಾ. ತಾಯಿಯ ಕಡೆಯಿಂದ ಬರುವ ಹಸಿರುಕಣಗಳ ಡಿಎನ್‌ಎ ಆ ಸಂಬಂಧವನ್ನು ಹೇಳುತ್ತದೆ. ಹಾಗಾಗಿ ತೋರಿಯಾದ ಪರಾಗ ಸಾಸಿವೆಗೆ ಪರಕೀಯವಲ್ಲ, ಅದು ತವರಿನ ಕಡೆಯ ನಂಟು.

ಕೈಕೆಲಸದ ವಿವರವನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಏಕೆಂದರೆ ನಾನು ಎಡವಿದ್ದು ಇಲ್ಲಿಯೇ. ಸಾಸಿವೆ ಹೂವಿನಲ್ಲಿ ಆರು ಕೇಸರಗಳು, ನಾಲ್ಕು ಉದ್ದ, ಎರಡು ಗಿಡ್ಡ. ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು. ಆದ್ದರಿಂದ ಹೂ ಅರಳುವ ಮೊದಲೇ ಆರನ್ನೂ ಕೀಳಬೇಕು. ಗಿಡ್ಡ ಕೇಸರಗಳೆರಡೂ ಬದಿಯಲ್ಲಿ ಅಡಗಿರುತ್ತವೆ. ನಾಲ್ಕು ಕಿತ್ತು ಮುಗಿಯಿತೆಂದುಕೊಳ್ಳುವುದು ಸುಲಭ. ಮೊದಲ ವಾರ ನಾನು ಆರಿಸಿದ್ದು ತುದಿಯಲ್ಲಿ ಹಳದಿ ದಳ ಇಣುಕುತ್ತಿದ್ದ ದೊಡ್ಡ ಮೊಗ್ಗುಗಳನ್ನು. ಅವು ಚಿಮಟಕ್ಕೆ ಸುಲಭವಾಗಿ ಸಿಗುತ್ತವೆ. ಆರೂ ಕೇಸರಗಳನ್ನು ತೆಗೆದು, ತೋರಿಯಾ ಹೂವಿನ ಪರಾಗವನ್ನು ಶಲಾಕಾಗ್ರಕ್ಕೆ, ಅಂದರೆ ಹೂವಿನ ಹೆಣ್ಣುಭಾಗದ ತುದಿಗೆ ಸವರಿ, ಬಟರ್ ಪೇಪರ್ ಚೀಲ ಕಟ್ಟಿ, ದಾರಕ್ಕೆ ಚೀಟಿ ಹಾಕಿ ಇಳಿದು ಬಂದೆ. ಕಾಯಿಗಳು ತುಂಬಿದವು. ಒಂದೊಂದು ಕಾಯಿಯಲ್ಲಿ ಹತ್ತು, ಹನ್ನೆರಡು ಕಾಳು! ಅಷ್ಟು ಚೆನ್ನಾಗಿ ಕಟ್ಟಿದ್ದೇ ಅನುಮಾನಕ್ಕೆ ಕಾರಣವಾಗಬೇಕಿತ್ತು. ಆಗ ಆಗಲಿಲ್ಲ.

ಎರಡನೇ ವಾರ ಒಂದು ಮೊಗ್ಗನ್ನು ಬಿಡಿಸಿ ಕೈಮಸೂರದಲ್ಲಿ ನೋಡಿದಾಗ ಪರಾಗಕೋಶದ ಅಂಚು ಆಗಲೇ ಬಿರಿದಿತ್ತು. ಅಂಥ ಮೊಗ್ಗಿನಲ್ಲಿ ಚಿಮಟ ಆಡಿಸಿದರೆ ನಾವೇ ಸ್ವಂತ ಪರಾಗವನ್ನು ಶಲಾಕಾಗ್ರಕ್ಕೆ ಒರಸಿದಂತೆ. ಅಂದಿನಿಂದ ಪೂರ್ತಿ ಹಸಿರಾಗಿ ಮುಚ್ಚಿಕೊಂಡಿರುವ, ಅರಳಲು ಎರಡು ದಿನವಿರುವ ಮೊಗ್ಗುಗಳನ್ನು ಮಾತ್ರ ಮುಟ್ಟಿದೆ. ಬ್ರಾಸಿಕಾದ ಒಂದು ಅನುಕೂಲವೆಂದರೆ ಆ ಎಳೆಯ ಮೊಗ್ಗಿನಲ್ಲಿಯೇ ಶಲಾಕಾಗ್ರ ಪರಾಗವನ್ನು ಸ್ವೀಕರಿಸಲು ಸಿದ್ಧವಾಗಿರುತ್ತದೆ. ಪ್ರತಿ ಮೊಗ್ಗಿನ ನಂತರ ಚಿಮಟವನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರಸಿದೆ. ಒಂದು ಗೊಂಚಲಿನಲ್ಲಿ ಐದಾರು ಮೊಗ್ಗುಗಳನ್ನು ಉಳಿಸಿಕೊಂಡು, ಅರಳಿದ ಹೂಗಳನ್ನೂ ತುದಿಯ ಸಣ್ಣ ಮೊಗ್ಗುಗಳನ್ನೂ ಚಿವುಟಿ ಹಾಕಿದೆ. ಹಾಗೆ ಮಾಡಿದ 48 ಮೊಗ್ಗುಗಳಿಂದ ಫೆಬ್ರವರಿಯಲ್ಲಿ 110 ಬೀಜ ಸಿಕ್ಕಿತು. ಕಾಯಿಗೆ ಎರಡು ಮೂರು ಕಾಳಷ್ಟೇ, ಅವುಗಳಲ್ಲೂ ಕೆಲವು ಸೊಟ್ಟ. ಎರಡು ವಾರಗಳ ಬೀಜವನ್ನೂ ಬೇರೆ ಬೇರೆ ಲಕೋಟೆಯಲ್ಲಿ ಇಟ್ಟೆ.

ಎರಡನೇ ಹಂಗಾಮು: ಎಲೆ, ಮೊಗ್ಗು, ಒಂಟಿಗಳು

ಸಂಕರ ಸಸಿ ಯಾವುದು, ಸ್ವಂತ ಪರಾಗದ ಸಸಿ ಯಾವುದು ಎಂದು ತಿಳಿಯಲು ಪ್ರಯೋಗಾಲಯವೇ ಬೇಕಿಲ್ಲ. ತೋರಿಯಾದ ಮೇಲಿನ ಎಲೆಗಳಿಗೆ ತೊಟ್ಟಿಲ್ಲ. ಬುಡದಲ್ಲಿ ಎರಡು ಕಿವಿಗಳಿದ್ದು ಅವು ಕಾಂಡವನ್ನು ತಬ್ಬಿಕೊಂಡಿರುತ್ತವೆ. ಸಾಸಿವೆಯ ಎಲೆ ತಬ್ಬುವುದಿಲ್ಲ, ಬುಡದಲ್ಲಿ ಕಿರಿದಾಗಿ ದೂರವೇ ನಿಲ್ಲುತ್ತದೆ. ಸಂಕರದ ಎಲೆ ಅರ್ಧ ತಬ್ಬುತ್ತದೆ. ಮೊದಲ ವಾರದ ಲಕೋಟೆಯಿಂದ ಬೆಳೆಸಿದ 17 ಸಸಿಗಳಲ್ಲಿ 14 ಶುದ್ಧ ಸಾಸಿವೆ. ಎರಡನೇ ಲಕೋಟೆಯ 20ರಲ್ಲಿ 19 ಅರ್ಧ ತಬ್ಬಿದವು. ಅಂದು ಸಂಜೆ ದೀಪ ಹಿಡಿದುಕೊಂಡು ಒಂದೊಂದು ಕುಂಡದ ಮುಂದೆ ಕುಳಿತು ಎಲೆಯ ಬುಡಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ್ದು ನೆನಪಿದೆ.

ಗಿಡಗಳು ಹುಲುಸಾಗಿ ಬೆಳೆದವು. ಎತ್ತರದಲ್ಲಿ ತಂದೆ, ತಾಯಿ ಎರಡನ್ನೂ ಮೀರಿದವು, ಕೊಂಬೆಗಳೂ ಹೆಚ್ಚು. ಹೂ ನೋಡಿದರೆ ಏನೂ ಕೊರತೆ ಕಾಣದು. ಅವ್ವ ಮಾಳಿಗೆಗೆ ಬಂದವಳು, "ಇಷ್ಟು ಹೂ ಬಿಟ್ಟು ಕಾಯಿ ಮಾತ್ರ ಯಾಕೆ ಹೀಗೆ ಬೋಳು?" ಎಂದಳು. ಚೀಲ ಕಟ್ಟಿ ಬಿಟ್ಟ ಗೊಂಚಲುಗಳಲ್ಲಿ ಕಾಯಿಗಳು ಕಡ್ಡಿಯಂತೆ ಒಣಗುತ್ತಿದ್ದವು, ಎಲ್ಲೋ ಒಂದರಲ್ಲಿ ಒಂದು ಕಾಳು. ಗಿಡಕ್ಕೆ ರೋಗವಿಲ್ಲ, ಗೊಬ್ಬರ, ನೀರು ಸಾಕಷ್ಟಿದೆ. ಕಾರಣವಿರುವುದು ಮೊಗ್ಗಿನ ಒಳಗೆ, ಪರಾಗ ಹುಟ್ಟುವ ಜಾಗದಲ್ಲಿ.

ಅದನ್ನು ನೋಡಲು ಮೊಗ್ಗುಗಳನ್ನು ಸರಿಯಾದ ಗಳಿಗೆಯಲ್ಲಿ ಹಿಡಿಯಬೇಕು. ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಗ್ಲೇಸಿಯಲ್ ಅಸಿಟಿಕ್ ಆಮ್ಲ ಬೆರೆಸಿದ ದ್ರವವನ್ನು ಅಂದಂದೇ ತಯಾರಿಸಿ, ಬೆಳಗ್ಗೆ ಎಂಟೂವರೆಯ ಒಳಗೆ ಗೊಂಚಲಿನ ತುದಿಯನ್ನೇ ಕತ್ತರಿಸಿ ಅದರಲ್ಲಿ ಹಾಕಿದೆ. ಒಂದು ದಿನದ ನಂತರ ಶೇಕಡಾ 70ರ ಆಲ್ಕೋಹಾಲ್‌ಗೆ ಬದಲಿಸಿ ಫ್ರಿಜ್‌ನಲ್ಲಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಬಣ್ಣಕ್ಕೆ ಅಸಿಟೋಕಾರ್ಮೈನ್: ಶೇಕಡಾ 45ರ ಅಸಿಟಿಕ್ ಆಮ್ಲದಲ್ಲಿ ಶೇಕಡಾ 1ರಷ್ಟು ಕಾರ್ಮೈನ್ ಪುಡಿ ಹಾಕಿ, ಸಣ್ಣ ಉರಿಯಲ್ಲಿ ಕುದಿಸಿ, ಆರಿಸಿ, ಸೋಸಿದ್ದು. ಪೇಟೆಯಲ್ಲಿ ಕೊಂಡ ಮೊದಲ ಶೀಶೆಯ ಕಾರ್ಮೈನ್ ಎಷ್ಟು ಕುದಿಸಿದರೂ ತೆಳು ಗುಲಾಬಿಯಾಗಿಯೇ ಉಳಿಯಿತು. ಒಂದು ವಾರ ಅದರಲ್ಲೇ ಹೋಯಿತು. ಬೇರೆ ಕಡೆಯಿಂದ ತರಿಸಿದ ಪುಡಿ ಗಾಢ ಕೆಂಪು ಕೊಟ್ಟಿತು.

ಮೊಗ್ಗಿನ ಅಳತೆ ಇಡೀ ಕೆಲಸದ ಕೀಲಿ. ಪರಾಗಕೋಶ ಹಳದಿಯಾಗಿದ್ದರೆ ತಡವಾಯಿತೆಂದೇ ಅರ್ಥ, ಒಳಗೆ ಪರಾಗ ಆಗಲೇ ಸಿದ್ಧವಾಗಿರುತ್ತದೆ. ಪಾರದರ್ಶಕವಾಗಿ, ತಿಳಿ ಹಸಿರಾಗಿರುವ ಪರಾಗಕೋಶ ಬೇಕು. ನನ್ನ ಗಿಡಗಳಲ್ಲಿ ಅದು ಸುಮಾರು 2 ಮಿಲಿಮೀಟರ್ ಉದ್ದದ ಮೊಗ್ಗುಗಳಲ್ಲಿ ಸಿಕ್ಕಿತು. ಒಂದು ಪರಾಗಕೋಶವನ್ನು ಮಾತ್ರ ಹೊರತೆಗೆದು, ಬಣ್ಣದ ಹನಿಯಲ್ಲಿ ಕಬ್ಬಿಣದ ಸೂಜಿಯಿಂದಲೇ ಅರೆಯಬೇಕು. ಕಬ್ಬಿಣದ ಅಂಶ ಸೇರಿದಾಗ ಕಾರ್ಮೈನ್ ವರ್ಣತಂತುಗಳಿಗೆ ಗಟ್ಟಿಯಾಗಿ ಹತ್ತುತ್ತದೆ. ಕೋಶದ ಸಿಪ್ಪೆಯ ಚೂರುಗಳನ್ನು ಒಂದೂ ಬಿಡದೆ ಆರಿಸಿ ತೆಗೆದು, ಕವರ್ ಸ್ಲಿಪ್ ಮುಚ್ಚಿ, ಸ್ಪಿರಿಟ್ ದೀಪದ ಮೇಲೆ ಎರಡು ಮೂರು ಸಲ ಹಾಯಿಸಿ, ಮಡಿಸಿದ ಸೋಸುಕಾಗದದ ಅಡಿಯಲ್ಲಿ ಹೆಬ್ಬೆರಳಿನಿಂದ ನೇರವಾಗಿ ಒತ್ತಬೇಕು. ಹೆಬ್ಬೆರಳು ಒಂದಿಷ್ಟು ಜಾರಿದರೂ ಜೀವಕೋಶಗಳು ಉರುಳಿ ದಾರದಂತಾಗುತ್ತವೆ. ಆ ಚೂರುಗಳನ್ನು ತೆಗೆಯದೆ ಒತ್ತಿದರೆ ಜೀವಕೋಶಗಳು ಚಪ್ಪಟೆಯಾಗುವುದೇ ಇಲ್ಲ. ಇವೆರಡು ತಪ್ಪುಗಳಿಂದಾಗಿ ನಲವತ್ತಕ್ಕೂ ಹೆಚ್ಚು ಸ್ಲೈಡ್‌ಗಳು ಕಸದ ಬುಟ್ಟಿಗೆ ಹೋದವು.

ಡಿಸೆಂಬರ್ 19ರ ಮಧ್ಯಾಹ್ನ, ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ, ಎಣ್ಣೆಹನಿಯ ಮಸೂರದ ಕೆಳಗೆ, ಅವು ಕಂಡವು. ಜೀವಕೋಶದ ನಡುವೆ ಹತ್ತು ದಪ್ಪ ಗುರುತುಗಳು ಸಾಲಾಗಿ ನಿಂತಿದ್ದವು. ಒಂದೊಂದೂ ಒಂದು ಜೋಡಿ, ಸಾಸಿವೆಯ ಎ ತೋರಿಯಾದ ಎ ಜೊತೆ ಕೈ ಹಿಡಿದದ್ದು. ಸಾಲಿನ ಆಚೆ ಈಚೆ ಚದುರಿದಂತೆ ಸಣ್ಣ ಚುಕ್ಕೆಗಳು. ಐದು, ಆರು. ಫೋಕಸ್ ತಿರುಗಿಸಿದಾಗ ಕೆಳಪದರದಲ್ಲಿ ಇನ್ನೆರಡು. ಎಂಟು. ಕೋಲಾಟಕ್ಕೆ ಜೊತೆ ಸಿಗದವರು ಅಂಗಳದ ಅಂಚಿನಲ್ಲಿ ನಿಂತ ಹಾಗೆ ಅವು ನಿಂತಿದ್ದವು. ಪ್ರಶ್ನೆ ಕೇಳಿದ್ದ ಹುಡುಗಿ ಆಗ ಕೊನೆಯ ವರ್ಷದಲ್ಲಿದ್ದಳು. ಅವಳನ್ನು ಕರೆದು ತೋರಿಸಿದೆ. ಅವಳು ಎರಡು ಸಲ ಎಣಿಸಿದಳು, ಮಾತನಾಡಲಿಲ್ಲ.

ಎಲ್ಲ ಜೀವಕೋಶಗಳೂ ಅಷ್ಟು ಸ್ಪಷ್ಟವಾಗಿರಲಿಲ್ಲ. ಎಣಿಸಲು ಬಂದ 31 ಜೀವಕೋಶಗಳಲ್ಲಿ 24ರಲ್ಲಿ ಹತ್ತು ಜೋಡಿ, ಎಂಟು ಒಂಟಿ. ಉಳಿದವುಗಳಲ್ಲಿ ಎರಡು ಒಂಟಿಗಳು ತಮ್ಮಲ್ಲೇ ಅಂಟಿಕೊಂಡದ್ದು, ಎ ಜೋಡಿಯೊಂದಕ್ಕೆ ಮೂರನೆಯದು ಜೋತುಬಿದ್ದದ್ದು ಹೀಗೆ ಕೆಲವು ಅಪವಾದಗಳು. ಎ ಮತ್ತು ಸಿ ಹತ್ತಿರದ ಬಂಧುಗಳು. ಆದ್ದರಿಂದ ನೇಪಸ್ ಮತ್ತು ರಾಪಾ ಕೂಡಿದ 29 ವರ್ಣತಂತುಗಳ ಸಂಕರದಲ್ಲಿ ಒಂಟಿ ಸಿ ವರ್ಣತಂತುಗಳು ಎ ಜೊತೆ ಆಗಾಗ ಕೂಡುತ್ತವೆ, ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಬಿ ಹೆಚ್ಚು ದೂರದ್ದು, ಅಷ್ಟು ಸುಲಭವಾಗಿ ಬೆರೆಯುವುದಿಲ್ಲ.

ಮುಂದೇನಾಗುತ್ತದೆ ಎಂಬುದು ಪರಾಗ ಹುಟ್ಟುವಾಗಿನ ವಿಭಜನೆಯಾದ ಮಿಯಾಸಿಸ್‌ನ ಕೊನೆಯ ಹಂತದಲ್ಲಿ, ನಾಲ್ಕು ಮರಿಕೋಶಗಳು ಒಂದೇ ಕವಚದಲ್ಲಿರುವಾಗ ಕಾಣುತ್ತದೆ. ಈ ನೋಟಕ್ಕೆ ಎಣ್ಣೆಹನಿಯ ಮಸೂರವೂ ಬೇಡ. ಸಾಸಿವೆಯಲ್ಲಿ ನಾಲ್ಕು ಕೋಶ, ನಾಲ್ಕು ನ್ಯೂಕ್ಲಿಯಸ್, ಅಷ್ಟೇ. ಸಂಕರದಲ್ಲಿ ಆ ನಾಲ್ಕರ ಪಕ್ಕದಲ್ಲಿ ಚಿಕ್ಕ ಚಿಕ್ಕ ಕೆಂಪು ಚುಕ್ಕೆಗಳು. ಯಾವ ತುದಿಗೂ ಸಮಯಕ್ಕೆ ತಲುಪದೆ ನಡುದಾರಿಯಲ್ಲಿ ಉಳಿದ ಒಂಟಿಗಳು ತಮ್ಮಷ್ಟಕ್ಕೆ ಪೊರೆ ಕಟ್ಟಿಕೊಂಡಿವೆ. ಅವು ಬಹುಮಟ್ಟಿಗೆ ಅಲ್ಲಿಯೇ ನಶಿಸುತ್ತವೆ. ನೋಡುತ್ತಿದ್ದಷ್ಟು ಹೊತ್ತು ನನಗೆ ಎದೆಯಲ್ಲಿ ಏನೋ ಹಿಂಡಿದಂತಾಯಿತು.

ಲೆಕ್ಕ ಹೀಗಿದೆ. ಎಂಟು ಒಂಟಿಗಳಲ್ಲಿ ಪ್ರತಿಯೊಂದೂ ಈ ಕಡೆಗೋ ಆ ಕಡೆಗೋ ಹೋಗುತ್ತದೆ, ಒಂದೂ ಕಳೆದುಹೋಗುವುದಿಲ್ಲ ಎಂದು ಇಟ್ಟುಕೊಳ್ಳೋಣ. ಎಂಟೂ ಒಂದೇ ಕಡೆ ಸೇರಿ 18ರ ಪೂರ್ಣ ಸಾಸಿವೆ ಪರಾಗ ಆಗುವ ಸಾಧ್ಯತೆ 256ರಲ್ಲಿ 1. ಒಂದೂ ಬಾರದೆ 10ರ ಶುದ್ಧ ಎ ಪರಾಗ ಆಗುವುದೂ 256ರಲ್ಲಿ 1. ನಾಲ್ಕು ಬರುವುದು 256ರಲ್ಲಿ 70. ದಾರಿಯಲ್ಲಿ ಕಳೆದುಹೋಗುವವುಗಳಿಂದಾಗಿ ನಿಜದ ಎಣಿಕೆ ಕಡಿಮೆಯ ಕಡೆಗೆ ವಾಲುತ್ತದೆ. ಅರೆಬರೆ ಬಿ ಹೊತ್ತ ಪರಾಗಗಳಲ್ಲಿ ವಂಶವಾಹಿಗಳ ಪ್ರಮಾಣ ಏರುಪೇರಾಗಿ ಅನೇಕವು ಬೆಳೆಯುವ ಮೊದಲೇ ಮುದುಡುತ್ತವೆ. ಅರಳುವ ದಿನದ ಹೂವಿನ ಪರಾಗವನ್ನು ಅಸಿಟೋಕಾರ್ಮೈನ್‌ನಲ್ಲಿ ಉದುರಿಸಿ, ತುಂಬಿ ಕೆಂಪಾದವನ್ನೂ ಬರಿದಾಗಿ ಸುಕ್ಕಿದವನ್ನೂ ಎಣಿಸಿದೆ. ಸಾಸಿವೆಯಲ್ಲಿ 500ಕ್ಕೆ 481 ತುಂಬಿದ್ದವು. ಸಂಕರದಲ್ಲಿ 500ಕ್ಕೆ 138. ಬಣ್ಣ ಹಿಡಿದ ಪರಾಗವೆಲ್ಲ ಮೊಳೆಯುತ್ತದೆ ಎಂದಲ್ಲ. ಮೊಳೆಯುವುದು ಅದಕ್ಕಿಂತಲೂ ಕಡಿಮೆ.

ಈ ಹಂತದಲ್ಲಿ ಸಂಕರವನ್ನು ಬಂಜೆ ಎಂದು ಕರೆಯುವ ನಮ್ಮ ಪಠ್ಯದ ರೂಢಿ ನನಗೆ ಒಪ್ಪಿಗೆಯಾಗದೆ ಹೋಯಿತು. ಬಂಜೆತನ ಇಲ್ಲಿ ಇದೆ–ಇಲ್ಲ ಎಂಬ ಮಾತಲ್ಲ. ಒಂದೇ ಹೂವಿನಲ್ಲಿ ಒಳ್ಳೆಯ ಪರಾಗವೂ ಇದೆ, ಬರಿದಾದದ್ದೂ ಇದೆ. ಒಂಟಿಗಳು ಯಾವ ಕಡೆ ಬಿದ್ದವು ಎಂಬುದರ ಮೇಲೆ ಒಂದೊಂದರ ಹಣೆಬರಹ ನಿಂತಿದೆ.

ಅಂಡಕೋಶಗಳು ಪರಾಗಕ್ಕಿಂತ ಹೆಚ್ಚು ತಾಳಿಕೊಳ್ಳುತ್ತವೆ. ಹೆಚ್ಚುವರಿ ವರ್ಣತಂತು ಹೊತ್ತ ಪರಾಗ ಇತರ ಪರಾಗಗಳೊಂದಿಗಿನ ಓಟದಲ್ಲಿ ಹಿಂದೆ ಬೀಳುತ್ತದೆ. ಅಂಡಕ್ಕೆ ಅಂಥ ಓಟವಿಲ್ಲ. ಹಾಗಾಗಿ ಸಂಕರವನ್ನೇ ತಾಯಿ ಮಾಡಿ, ಅರ್ಧ ಮೊಗ್ಗುಗಳಿಗೆ ತೋರಿಯಾದ ಪರಾಗ, ಇನ್ನರ್ಧಕ್ಕೆ ಸಾಸಿವೆಯ ಪರಾಗ ಕೊಟ್ಟೆ. ಜನವರಿ ಎರಡನೇ ವಾರ ಮೋಡ ಕವಿದು ಸಸ್ಯಹೇನು ಮುತ್ತಿತು. ನಾನು ಮೂರು ದಿನ ಊರಿನಲ್ಲಿರಲಿಲ್ಲ. ಬಂದು ಚೀಲ ಬಿಚ್ಚಿದರೆ ಗೊಂಚಲುಗಳು ಬೂದು ಬಣ್ಣಕ್ಕೆ ತಿರುಗಿ ಅಂಟಂಟಾಗಿದ್ದವು. ಚೀಲದೊಳಗೆ ಹೇನು ತಿನ್ನುವ ಜೀರುಂಡೆಗಳೂ ಬರಲಾರವು, ಮಳೆಹನಿಯೂ ಬೀಳದು, ಹೇನಿಗೆ ಅದಕ್ಕಿಂತ ಸುಖದ ಮನೆಯಿಲ್ಲ. ಸಾಸಿವೆ ಪರಾಗ ಕೊಟ್ಟ ಗೊಂಚಲುಗಳು ಬಹುತೇಕ ಹೋದವು. ಬೇವಿನ ಎಣ್ಣೆಯನ್ನು ಸಾಬೂನು ನೀರಿನಲ್ಲಿ ಕಲಸಿ ಸಿಂಪಡಿಸಿ ಉಳಿದದ್ದನ್ನು ಉಳಿಸಿಕೊಂಡೆ. ಕಾಯಿ ಕಚ್ಚಿದ ಮೇಲೆ ಚೀಲ ಬೇಕಿಲ್ಲ, ನಾಲ್ಕೈದು ದಿನಕ್ಕೇ ತೆಗೆಯಬಹುದು ಎಂಬುದನ್ನು ಆಮೇಲೆ ದಾಖಲೆ ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟೆ. ತೋರಿಯಾ ಕಡೆಯಿಂದ 26 ಬೀಜ, ಸಾಸಿವೆ ಕಡೆಯಿಂದ 4.

ಮೂರನೇ ಹಂಗಾಮು: ಬಿ ಎಷ್ಟು ಉಳಿಯಿತು

ತೋರಿಯಾ ಕಡೆಯ 26ರಲ್ಲಿ 15 ಮೊಳೆತು, 11 ಗಿಡಗಳು ಹೂವಿಗೆ ಬಂದವು. ಇವುಗಳಲ್ಲಿ ಎಣಿಕೆ ಸರಳ. ಎ ಹತ್ತು ಜೋಡಿ ಎಲ್ಲದರಲ್ಲೂ ಇರುತ್ತದೆ. ಜೋಡಿಗಳ ಹೊರಗೆ ಎಷ್ಟು ಒಂಟಿ ಕಾಣುತ್ತದೆಯೋ ಅಷ್ಟೇ ಬಿ ವರ್ಣತಂತುಗಳು ಅಜ್ಜಿ ಸಾಸಿವೆಯಿಂದ ಇಲ್ಲಿಯವರೆಗೆ ಬಂದಿವೆ. ಎರಡರಿಂದ ನಾಲ್ಕು ಒಂಟಿಗಳಿರುವ ಗಿಡಗಳೇ ಹೆಚ್ಚು. ಒಂದರಲ್ಲಿ ಆರು. ಒಂದರಲ್ಲಿ ಒಂದೂ ಇಲ್ಲ, ವರ್ಣತಂತು ಬರೀ 20; ನೋಡಲು ಅದು ತೋರಿಯಾವೇ, ಎಲೆಗಳು ಕಾಂಡವನ್ನು ಪೂರ್ತಿ ತಬ್ಬಿವೆ, ಪರಾಗ ತುಂಬಿದೆ. ಆದರೆ ಅದು ಹಳೆಯ ತೋರಿಯಾ ಅಲ್ಲ. ಹಿಂದಿನ ಪೀಳಿಗೆಯಲ್ಲಿ ಸಾಸಿವೆಯ ಎ ಮತ್ತು ತೋರಿಯಾದ ಎ ಕೈ ಹಿಡಿದಾಗ ತುಣುಕುಗಳನ್ನು ಬದಲಾಯಿಸಿಕೊಂಡಿವೆ, ಆ ಬದಲಾವಣೆ ಇದರೊಳಗೆ ಉಳಿದಿದೆ. ಇಂಥ ಸಂಕರಗಳಿಂದ ತಳಿ ತಜ್ಞರಿಗೆ ಬೇಕಾಗಿರುವುದು ಮುಖ್ಯವಾಗಿ ಇದೇ: ಒಂದು ಜಾತಿಯ ಎ ಒಳಗಿನ ಗುಣವನ್ನು ಇನ್ನೊಂದು ಜಾತಿಯ ಎ ಒಳಗೆ ದಾಟಿಸುವ ಸೇತುವೆ.

ಒಂಟಿಗಳು ಕಡಿಮೆಯಾದಂತೆ ಪರಾಗ ತುಂಬುತ್ತದೆ ಎಂಬ ನಿರೀಕ್ಷೆ ಬಹುಮಟ್ಟಿಗೆ ನಿಜವಾಯಿತು, ಪೂರ್ತಿ ಅಲ್ಲ. ಆರು ಒಂಟಿಗಳ ಗಿಡದಲ್ಲಿ ಮೂರನೇ ಒಂದು ಭಾಗ ತುಂಬಿದ್ದರೆ, ಎರಡು ಒಂಟಿಗಳ ಏಳನೇ ಗಿಡದಲ್ಲಿ ಶೇಕಡಾ 80ನ್ನು ದಾಟಿತು. ಆದರೆ ಎರಡೇ ಒಂಟಿಗಳಿದ್ದ ಮೂರನೇ ಗಿಡ ಅರ್ಧಕ್ಕೇ ನಿಂತಿತು. ಎಷ್ಟು ಎಂಬುದರ ಜೊತೆಗೆ ಎಂಟರಲ್ಲಿ ಯಾವ ಎರಡು ಎಂಬುದೂ ಮುಖ್ಯ. ಕಾರ್ಮೈನ್ ಎಲ್ಲವನ್ನೂ ಒಂದೇ ಕೆಂಪಿನಲ್ಲಿ ತೋರಿಸುತ್ತದೆ. ಯಾವುದು ಯಾವುದೆಂದು ಗುರುತಿಸಲು ಡಿಎನ್‌ಎ ಗುರುತುಗಳು ಬೇಕು.

ನೆಲಗಡಲೆಯ ಕಥೆ ಇಲ್ಲಿ ಹೇಳದಿರಲಾರೆ, ಏಕೆಂದರೆ ಅದು ನಮ್ಮ ಊರಿನದು. ಬೆಳೆಯುವ ಶೇಂಗಾದಲ್ಲಿ 40 ವರ್ಣತಂತು. ಅದರ ಕಾಡು ಬಂಧು ಅರಾಕಿಸ್ ಕಾರ್ಡಿನಾಸಿಯಲ್ಲಿ 20. ನೇರವಾಗಿ ಕೂಡಿಸಿದರೆ 30ರ ಗಿಡ. ಇಲ್ಲಿಯೂ ಹತ್ತು ಒಂಟಿಗಳ ತೊಡಕು, ಕಾಯಿ ಕಟ್ಟುವುದು ಅಪರೂಪ. ಕಾಲ್ಚಿಸಿನ್ ಎಂಬ ರಾಸಾಯನಿಕ ಹಾಕಿ 60ಕ್ಕೆ ಇಮ್ಮಡಿಸಿದರೆ ಪ್ರತಿಯೊಂದಕ್ಕೂ ಜೊತೆ ಸಿಗುತ್ತದೆ. ಅಲ್ಲಿಂದ ಶೇಂಗಾದ ಕಡೆಗೆ ಮತ್ತೆ ಮತ್ತೆ ಕೂಡಿಸಿ 40ಕ್ಕೆ ಇಳಿಸುವುದು ಒಂದು ದಾರಿ. ಆ ಕಾಡು ಬಂಧುವಿನ ಅಂಶವಿರುವ ತಳಿಸಾಲೊಂದನ್ನು ಕೆಆರ್‌ಜಿ 1 ತಳಿಯೊಂದಿಗೆ ಕೂಡಿಸಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಜಿಪಿಬಿಡಿ 4 ತಳಿಯನ್ನು ರೂಪಿಸಿತು. ತುಕ್ಕು ಮತ್ತು ಎಲೆಚುಕ್ಕೆ ರೋಗಗಳನ್ನು ಅದು ತಡೆಯುವುದು ಕಾಡಿನಿಂದ ಬಂದ ಆ ತುಣುಕಿನ ಬಲದಿಂದ. ಹೊಲದಲ್ಲಿ ಅದನ್ನು ಕಂಡಾಗಲೆಲ್ಲ ಅದರ ಹಿಂದೆ ಎಷ್ಟು ಬರಿದಾದ ಹೂಗಳಿದ್ದವೋ ಎಂದು ಈಗ ಯೋಚಿಸುತ್ತೇನೆ. ಸಾಸಿವೆ–ತೋರಿಯಾ ಸಂಕರವನ್ನೂ ಕಾಲ್ಚಿಸಿನ್‌ನಿಂದ 56ಕ್ಕೆ ಇಮ್ಮಡಿಸಬಹುದು. ಆದರೆ ಆಗ ಎ ನಾಲ್ಕು ಪ್ರತಿಗಳಾಗಿ ನಾಲ್ಕು ನಾಲ್ಕು ಗಂಟು ಹಾಕಿಕೊಳ್ಳುತ್ತವೆ. ಆ ದಾರಿಯನ್ನು ನಾನು ಹಿಡಿಯಲಿಲ್ಲ.

ಸಾಸಿವೆ ಕಡೆಯ ನಾಲ್ಕು ಬೀಜಗಳಲ್ಲಿ ಮೂರು ಗಿಡವಾದವು. ಒಂದರಲ್ಲಿ 15 ಜೋಡಿ, ಮೂರು ಒಂಟಿ: ಎ ಹತ್ತು ಜೋಡಿ, ಬಿ ಐದು ಜೋಡಿ, ಇನ್ನು ಮೂರು ಬಿ ತಮ್ಮ ಜೊತೆಗಾರರನ್ನು ಕಾಯುತ್ತಿವೆ. ಇನ್ನೊಮ್ಮೆ ಸಾಸಿವೆಯೊಂದಿಗೆ ಕೂಡಿಸಿದರೆ ಅವುಗಳ ಸಂತತಿಯಲ್ಲಿ ಕೆಲವಕ್ಕೆ 36 ಪೂರ್ತಿಯಾಗಬೇಕು. ಈ ಗಿಡಕ್ಕೆ ಪರಾಗ ಕೊಟ್ಟು, ಕಾಯಿ ಕಚ್ಚಿದ ನಾಲ್ಕನೇ ದಿನ ಚೀಲ ತೆಗೆದೆ. 62 ಬೀಜ ಬಂತು.

ಏಳನೇ ಗಿಡದ ಕಾಯಿಗಳನ್ನು ಮೊನ್ನೆ ಬಿಡಿಸಿದೆವು, ನಾನು ಮತ್ತು ಅವ್ವ, ಮಾಳಿಗೆಯ ಮೇಲೆ ಬಿಳಿ ಪಂಚೆ ಹಾಸಿಕೊಂಡು. ಒಂದು ಕಾಯಿಯಲ್ಲಿ ಹದಿಮೂರು ಕಾಳು. ಅವ್ವ ಒಂದೊಂದನ್ನೂ ಅಂಗೈಯಲ್ಲಿ ಉರುಳಿಸಿ ನೋಡಿ, ಸೊಟ್ಟಾದವನ್ನು ಬೇರೆ ಮಾಡಿದಳು. ಅದರ ಎರಡು ಒಂಟಿಗಳು ಮುಂದಿನ ಪೀಳಿಗೆಯ ಯಾವ ಸಸಿಗೆ ಹೋಗಿವೆ, ಯಾವುದಕ್ಕೆ ಹೋಗಿಲ್ಲ ಎಂದು ಎಣಿಸಲು ಅಕ್ಟೋಬರ್‌ಗೆ ಇಪ್ಪತ್ತು ಕುಂಡ ಬೇಕು. ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರವನ್ನು ಈಗಲೇ ಬೆರೆಸಿ ಮೂಲೆಯಲ್ಲಿ ಗುಡ್ಡೆ ಹಾಕಿದ್ದೇನೆ.